ಎದುರಾಳಿಯನ್ನು ಕಣದಿಂದಲೇ ಹೊರಗಿಡುವ ಮೊದಲು

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಈಗಿನ ಸದಸ್ಯರ ಎದುರು ಬಲವಾಗಿ ನಿಲ್ಲಬಲ್ಲ ವ್ಯಕ್ತಿಯೊಬ್ಬರ ಮೇಲೆ ನಾಲ್ಕೈದು ಕೇಸುಗಳು ಉಂಟು. ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ ಯಾರೂ ಚುನಾವಣೆಗೆ ನಿಲ್ಲಬಾರದು ಎಂದು ಕಾನೂನು ಮಾಡಿದರೆ ರಾಜಕೀಯ ಶುದ್ಧವಾಗುವುದಿಲ್ಲವೇ? ಹಾಗೆ ಮಾಡಿದರೆ ಪ್ರಜಾಪ್ರಭುತ್ವಕ್ಕೇ ಅಪಾಯ ಎಂದು ಕೆಲವರು ಹೇಳುತ್ತಾರೆ, ಅದು ಹೇಗೆಂದು ಗೊತ್ತಾಗುವುದಿಲ್ಲ. ಜೊತೆಗೆ ಇನ್ನೊಂದು ಸಂದೇಹ: ಒಬ್ಬರ ನಾಮಪತ್ರವನ್ನು ಅನ್ಯಾಯವಾಗಿ ತಿರಸ್ಕರಿಸಿದರೆ ಏನು ಮಾಡಲು ಸಾಧ್ಯ?
— ಮಂಜೇಶ್ವರ ತಾಲೂಕಿನ ಓದುಗರು

ಉತ್ತರ: ಮೊದಲು ಒಂದು ಶಬ್ದದ ವಿಚಾರ. ನಮ್ಮ ಜಿಲ್ಲೆಯ ಸರಕಾರಿ ಕಾಗದಗಳಲ್ಲಿ ಚುನಾವಣೆಗೆ ನಿಲ್ಲಲು ಇರುವ ಕಾನೂನಿನ ತಡೆಗೆ ಮಲಯಾಳದಲ್ಲಿ 'ಅಯೋಗ್ಯತ' ಎಂದು ಬರೆಯುತ್ತಾರೆ. ಅಲ್ಲಿ ಅದು ಬರೀ ತಾಂತ್ರಿಕ ಶಬ್ದ. ಕನ್ನಡದ ಕಿವಿಗೆ ಅದೇ ಶಬ್ದ ಬೈಗುಳ. ಆದ್ದರಿಂದ ನಾವು 'ಅನರ್ಹತೆ' ಎನ್ನುತ್ತೇವೆ. ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಒಬ್ಬರು ಒಳ್ಳೆಯವರೋ ಕೆಟ್ಟವರೋ ಎಂದು ತೀರ್ಮಾನಿಸುವ ಕೆಲಸ ಮತದಾರರದು. ಅವರು ಕಣಕ್ಕೆ ಇಳಿಯಬಹುದೋ ಎಂದು ನೋಡುವುದು ಕಾನೂನಿನ ಕೆಲಸ. ಎರಡನೆಯದನ್ನು ಮೊದಲನೆಯದಕ್ಕೆ ಸಾಧನ ಮಾಡಿಕೊಂಡಾಗ ತೊಂದರೆ ಶುರುವಾಗುತ್ತದೆ.

ನಾನು ಅನರ್ಹತೆಯ ಕಾನೂನಿಗೆ ವಿರೋಧಿಯಲ್ಲ. ಅಧಿಕಾರ ಬಳಸಿ ಕೊಳ್ಳೆ ಹೊಡೆದವರು, ಮತ ಕೊಂಡವರು ಸ್ವಲ್ಪ ಕಾಲ ಹೊರಗೆ ಇರಲೇಬೇಕು. ಯಾವ ಅನರ್ಹತೆಯನ್ನಾದರೂ ತೂಗುವಾಗ ನಾನು ಕೇಳುವ ಪ್ರಶ್ನೆ ಒಂದೇ: ಹೊರಗಿಡಲು ಎಷ್ಟು ದಿನ, ತಪ್ಪಾಗಿದ್ದರೆ ಒಳಗೆ ತರಲು ಎಷ್ಟು ದಿನ? ಈ ಎರಡರ ನಡುವಿನ ಅಂತರದಲ್ಲಿ ಚುನಾವಣೆಯೊಂದು ನಡೆದು ಹೋದರೆ, ಆಮೇಲೆ ಸಿಕ್ಕ ನ್ಯಾಯ ವ್ಯಕ್ತಿಯ ಹೆಸರನ್ನು ಉಳಿಸೀತೇ ಹೊರತು ಮತದಾರರಿಗೆ ಏನನ್ನೂ ಹಿಂದೆ ಕೊಡುವುದಿಲ್ಲ.

ಈಗಿನ ಕಾನೂನು ಏನು ಹೇಳುತ್ತದೆ? ಲೋಕಸಭೆ, ವಿಧಾನಸಭೆಗೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 8ನೆಯ ಕಲಮು ಅನ್ವಯ. ಅದರಲ್ಲಿ ಮೂರು ಮೆಟ್ಟಿಲುಗಳಿವೆ. ಮತದಾರರಿಗೆ ಲಂಚ, ಕೋಮುದ್ವೇಷ ಹರಡುವುದು, ಭ್ರಷ್ಟಾಚಾರ ಮುಂತಾಗಿ ಹೆಸರಿಸಿದ ಕೆಲವು ಅಪರಾಧಗಳಲ್ಲಿ ದೋಷಿ ಎಂದು ತೀರ್ಪಾದರೆ ಸಾಕು, ದಂಡ ಮಾತ್ರ ಬಿದ್ದರೂ ಆರು ವರ್ಷ ಹೊರಗೆ. ಅಕ್ರಮ ದಾಸ್ತಾನು, ಕಲಬೆರಕೆ, ವರದಕ್ಷಿಣೆ ಕೇಸುಗಳಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದ ಸಜೆ ಆಗಿರಬೇಕು. ಉಳಿದ ಯಾವುದೇ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆ. ಸಜೆಯಾದವರ ಅನರ್ಹತೆ ತೀರ್ಪಿನ ದಿನದಿಂದ ಶುರುವಾಗಿ, ಬಿಡುಗಡೆಯಾದ ಮೇಲೆ ಮತ್ತೆ ಆರು ವರ್ಷ ನಡೆಯುತ್ತದೆ. ಕೇರಳದ ಪಂಚಾಯತುಗಳಿಗೆ 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ ಬೇರೆಯೇ ಉಂಟು. ಅಲ್ಲಿ ಗೆರೆ ಇನ್ನೂ ಕೆಳಗೆ: ನೈತಿಕ ಅಧಃಪತನ ಎನಿಸುವ ಅಪರಾಧಕ್ಕೆ ಮೂರು ತಿಂಗಳ ಸಜೆ ಆಗಿದ್ದರೂ ತಡೆ ಬೀಳುತ್ತದೆ. ಆದರೆ ಎರಡೂ ಕಾನೂನುಗಳಲ್ಲಿ ಬರೀ ಕೇಸು ಇರುವುದಾಗಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಲಿ ಅನರ್ಹತೆಯಲ್ಲ.

2013ರ ತನಕ ಹಾಲಿ ಶಾಸಕರು, ಸಂಸದರಿಗೆ ಒಂದು ರಕ್ಷಣೆ ಇತ್ತು. ದೋಷಿ ಎಂದಾದರೂ ಮೂರು ತಿಂಗಳ ಒಳಗೆ ಮೇಲ್ಮನವಿ ಹಾಕಿದರೆ, ಅದು ಇತ್ಯರ್ಥವಾಗುವ ತನಕ ಸ್ಥಾನ ಹೋಗುತ್ತಿರಲಿಲ್ಲ. ವರ್ಷಗಟ್ಟಲೆ ಮೇಲ್ಮನವಿಯ ನೆರಳಲ್ಲಿ ಕೂತವರನ್ನು ಕಂಡು ಜನ ರೋಸಿಹೋಗಿದ್ದರು. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಉಪಕಲಮನ್ನು ರದ್ದು ಮಾಡಿತು. ಸಾಮಾನ್ಯ ಅಭ್ಯರ್ಥಿಗೊಂದು ನ್ಯಾಯ, ಹಾಲಿ ಸದಸ್ಯರಿಗೊಂದು ನ್ಯಾಯ ಆಗದು ಎಂಬ ಅದರ ತರ್ಕ ಸರಿಯೇ. ಆದರೆ ಅಂದಿನಿಂದ ಸ್ಥಾನ ಹೋಗುವ ವೇಗ ಬದಲಾಯಿತು, ಮೇಲ್ಮನವಿಯ ವೇಗ ಬದಲಾಗಲಿಲ್ಲ.

ಉತ್ತರ ಪ್ರದೇಶದ ರಾಮ್‌ಪುರದಲ್ಲಿ ಆದದ್ದನ್ನು ತಾರೀಖು ಹಿಡಿದು ನೋಡಿ. 2022ರ ಅಕ್ಟೋಬರ್ 27ರಂದು ದ್ವೇಷ ಭಾಷಣದ ಕೇಸಿನಲ್ಲಿ ಶಾಸಕ ಆಜಂ ಖಾನ್ ಅವರಿಗೆ ಮೂರು ವರ್ಷ ಸಜೆ ಆಯಿತು. ಮರುದಿನವೇ ಸ್ಥಾನ ಖಾಲಿ ಎಂದು ಘೋಷಣೆಯಾಯಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆದು, ಎದುರು ಪಕ್ಷದವರು ಗೆದ್ದರು. 2023ರ ಮೇ ತಿಂಗಳಲ್ಲಿ ಮೇಲ್ಮನವಿ ಕೋರ್ಟು ಅದೇ ಕೇಸಿನಲ್ಲಿ ಅವರನ್ನು ನಿರ್ದೋಷಿ ಎಂದಿತು. ಅಷ್ಟರಲ್ಲಿ ಸ್ಥಾನಕ್ಕೆ ಬೇರೆಯವರು ಬಂದಾಗಿತ್ತು. ಅವರ ಮೇಲೆ ಬೇರೆ ಕೇಸುಗಳಿದ್ದವು, ಬೇರೆ ಶಿಕ್ಷೆಗಳೂ ಆದವು, ಅದು ಬೇರೆ ಮಾತು. ಸ್ಥಾನ ಕಳೆದ ಕೇಸಿನಲ್ಲಿ ಮಾತ್ರ ತಪ್ಪಿಲ್ಲ ಎಂದು ಕೋರ್ಟೇ ಹೇಳಿದ ಮೇಲೂ ಹೋದ ಸ್ಥಾನವನ್ನು ಮರಳಿಸುವ ಯಾವ ಕಲಮೂ ನಮ್ಮಲ್ಲಿಲ್ಲ.

ಲಕ್ಷದ್ವೀಪದಲ್ಲಿ ಇದೇ ಆಗುವುದು ಕೂದಲೆಳೆಯಲ್ಲಿ ತಪ್ಪಿತು. (ಅಲ್ಲಿನ ಅಮಿನ್‌ದಿವಿ ದ್ವೀಪಗಳು 1956ರ ತನಕ, ಕಾಸರಗೋಡಿನಂತೆಯೇ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು.) ಸಂಸದ ಮೊಹಮ್ಮದ್ ಫೈಸಲ್ ಅವರಿಗೆ 2023ರ ಜನವರಿ 11ರಂದು ಕೊಲೆಯತ್ನ ಕೇಸಿನಲ್ಲಿ ಹತ್ತು ವರ್ಷ ಸಜೆ, 13ರಂದು ಅನರ್ಹತೆಯ ಅಧಿಸೂಚನೆ, 18ರಂದು ಉಪಚುನಾವಣೆಯ ಘೋಷಣೆ. ಒಂದೇ ವಾರದಲ್ಲಿ ಇಷ್ಟೂ ಮುಗಿಯಿತು. 25ರಂದು ಕೇರಳ ಹೈಕೋರ್ಟು ದೋಷಿ ತೀರ್ಪನ್ನೇ ಅಮಾನತಿನಲ್ಲಿಟ್ಟಿತು, ಫೆಬ್ರವರಿ 27ಕ್ಕೆ ಗೊತ್ತಾಗಿದ್ದ ಮತದಾನ ನಿಂತಿತು. ಆದರೂ ಸದಸ್ಯತ್ವ ಮರಳಿದ್ದು ಮಾರ್ಚ್ 29ಕ್ಕೆ. ತೆಗೆಯಲು ಎರಡು ದಿನ, ಮರಳಿಸಲು ಎರಡು ತಿಂಗಳು. ಅವರ ಸದಸ್ಯತ್ವ ಅದೇ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹೋಗಿ, ಸುಪ್ರೀಂ ಕೋರ್ಟಿನ ಆದೇಶದ ಬಳಿಕ ಮತ್ತೊಮ್ಮೆ ಬಂತು.

ಮೂರನೆಯದು ನಮ್ಮ ಕೇರಳದ ವಯನಾಡಿಗೆ ಸೇರಿದ್ದು, ಅದರ ಬೇರು ಕೋಲಾರದಲ್ಲಿ. 2019ರಲ್ಲಿ ಕೋಲಾರದಲ್ಲಿ ಮಾಡಿದ ಒಂದು ಭಾಷಣಕ್ಕಾಗಿ ಸೂರತ್ ಕೋರ್ಟು 2023ರ ಮಾರ್ಚ್ 23ರಂದು ರಾಹುಲ್ ಗಾಂಧಿ ಅವರಿಗೆ ಮಾನಹಾನಿ ಕಲಮಿನ ಅಡಿ ಎರಡು ವರ್ಷ ಸಜೆ ವಿಧಿಸಿತು. ಆ ಕಲಮಿನಲ್ಲಿ ಅದು ಗರಿಷ್ಠ ಶಿಕ್ಷೆ, ಅನರ್ಹತೆಗೆ ಅದೇ ಕನಿಷ್ಠ ಗೆರೆ. ಒಂದು ದಿನ ಕಡಿಮೆ ಆಗಿದ್ದರೂ ಸ್ಥಾನ ಉಳಿಯುತ್ತಿತ್ತು. ಆಗಸ್ಟ್ 4ರಂದು ತೀರ್ಪಿಗೆ ತಡೆ ಕೊಡುವಾಗ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹೇಳಿತು: ಗರಿಷ್ಠ ಶಿಕ್ಷೆಗೆ ಕಾರಣವನ್ನೇ ಕೊಟ್ಟಿಲ್ಲ, ಇಂಥ ತೀರ್ಪು ಒಬ್ಬ ವ್ಯಕ್ತಿಯ ಹಕ್ಕನ್ನು ಮಾತ್ರವಲ್ಲ ಅವರನ್ನು ಆರಿಸಿದ ಮತದಾರರ ಹಕ್ಕನ್ನೂ ಮುಟ್ಟುತ್ತದೆ. ವಯನಾಡಿಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸಂಸದರಿರಲಿಲ್ಲ.

ಈ ಮೂರರಲ್ಲೂ ಕೋರ್ಟಿನ ವಿಚಾರಣೆ, ಸಾಕ್ಷಿ, ತೀರ್ಪು ಎಲ್ಲ ಆಗಿತ್ತು. ಅಷ್ಟಾದರೂ ಮೇಲಿನ ಕೋರ್ಟು ತೀರ್ಪನ್ನು ತಡೆಯಬೇಕೋ ತಿದ್ದಬೇಕೋ ಆಯಿತು ಎಂದ ಮೇಲೆ ನೀವು ಕೇಳುವ ದೋಷಾರೋಪ ಪಟ್ಟಿಯ ಹಂತಕ್ಕೆ ಇಳಿದರೆ ಏನಾದೀತು? ದೋಷಾರೋಪ ಪಟ್ಟಿ ಎಂದರೆ ತನಿಖಾಧಿಕಾರಿಯ ಅಭಿಪ್ರಾಯ. ಅದನ್ನು ಬರೆಯುವವರು ಪೊಲೀಸರು, ಪೊಲೀಸರು ಗೃಹ ಇಲಾಖೆಯ ಕೆಳಗೆ, ಗೃಹ ಇಲಾಖೆ ಆಳುವ ಪಕ್ಷದ ಕೈಯಲ್ಲಿ. ಕೇರಳದಲ್ಲಿ ಹರತಾಳ, ರಸ್ತೆ ತಡೆ, ಮುತ್ತಿಗೆ ಇವಿಲ್ಲದೆ ರಾಜಕೀಯ ಬೆಳೆದವರೇ ಕಡಿಮೆ. ಅಕ್ರಮ ಕೂಟ, ಸರಕಾರಿ ಕೆಲಸಕ್ಕೆ ಅಡ್ಡಿ ಎಂಬ ಕೇಸುಗಳು ಎಲ್ಲ ಪಕ್ಷದ ಕಾರ್ಯಕರ್ತರ ಮೇಲೂ ಇರುತ್ತವೆ. ನಿಮ್ಮ ವಾರ್ಡಿನವರ ನಾಲ್ಕೈದು ಕೇಸುಗಳಲ್ಲಿ ಎಷ್ಟು ಇಂಥವು, ಎಷ್ಟು ಹೊಡೆದಾಟದವು, ಎಷ್ಟು ದುಡ್ಡು ನುಂಗಿದವು ಎಂದು ಮೊದಲು ವಿಚಾರಿಸಿ. ಆಡಳಿತದ ಪಕ್ಷ ಬದಲಾದ ದಿನ ಯಾರ ಫೈಲು ಮೇಲೆ ಬರುತ್ತದೆ, ಯಾರದು ಕೆಳಗೆ ಹೋಗುತ್ತದೆ ಎಂಬುದನ್ನು ಊಹಿಸಲು ಹೆಚ್ಚು ಕಷ್ಟವಿಲ್ಲ.

ಈ ಹಾದಿಯನ್ನು ಬಲ್ಲವರು ಯೋಚಿಸಿಲ್ಲ ಎಂದಲ್ಲ. 2014ರಲ್ಲಿ ಕಾನೂನು ಆಯೋಗ ತನ್ನ 244ನೆಯ ವರದಿಯಲ್ಲಿ, ದೋಷಾರೋಪ ಪಟ್ಟಿಯ ಹಂತ ಬೇಡ, ನ್ಯಾಯಾಧೀಶರು ಕಡತ ನೋಡಿ ಆರೋಪ ಹೊರಿಸುವ ಹಂತದಲ್ಲಿ ಅನರ್ಹತೆ ತರಬಹುದು ಎಂದಿತು. ಅದಕ್ಕೂ ಬೇಲಿಗಳನ್ನು ಹಾಕಿತು. ಅಪರಾಧಕ್ಕೆ ಐದು ವರ್ಷ ಅಥವಾ ಹೆಚ್ಚು ಶಿಕ್ಷೆ ಇರಬೇಕು. ನಾಮಪತ್ರ ಪರಿಶೀಲನೆಯ ಹಿಂದಿನ ಒಂದು ವರ್ಷದೊಳಗೆ ಹೊರಿಸಿದ ಆರೋಪ ಲೆಕ್ಕಕ್ಕಿಲ್ಲ, ಯಾಕೆಂದರೆ ಚುನಾವಣೆ ಹತ್ತಿರ ಬಂದಾಗಲೇ ಕೇಸುಗಳಿಗೆ ಜೀವ ಬರುವುದು. 2018ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಹೊಸ ಅನರ್ಹತೆ ಸೇರಿಸುವುದು ಸಂಸತ್ತಿನ ಕೆಲಸ, ಕೋರ್ಟಿನದಲ್ಲ ಎಂದು ಹೇಳಿ ನಿಂತಿತು. ಹೊರಗಿಡುವ ಬದಲು ತಿಳಿಸುವ ದಾರಿಯನ್ನು ಅದು ಹಿಡಿಯಿತು: ಅಭ್ಯರ್ಥಿಯೂ ಪಕ್ಷವೂ ಕೇಸುಗಳ ವಿವರವನ್ನು ಪತ್ರಿಕೆ, ಟೀವಿಗಳಲ್ಲಿ ಮೂರು ಸಲ ಪ್ರಕಟಿಸಬೇಕು. ಚುನಾವಣಾ ಆಯೋಗ ಇದಕ್ಕೆ ವೇಳೆಯನ್ನೂ ಗೊತ್ತುಮಾಡಿದೆ. ನಾಮಪತ್ರ ಹಿಂತೆಗೆಯುವ ಕೊನೆಯ ದಿನದಿಂದ ಮೊದಲ ನಾಲ್ಕು ದಿನಗಳಲ್ಲಿ ಒಮ್ಮೆ, ಐದರಿಂದ ಎಂಟನೆಯ ದಿನದೊಳಗೆ ಒಮ್ಮೆ, ಒಂಬತ್ತನೆಯ ದಿನದಿಂದ ಪ್ರಚಾರ ಮುಗಿಯುವುದರೊಳಗೆ ಒಮ್ಮೆ.

ಈ ತಿಳಿಸುವ ದಾರಿ ನಮ್ಮ ಗಡಿಯಲ್ಲಿ ಇನ್ನೂ ಅರೆಬರೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಭಾಗಗಳಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಯ ಹೆಸರು ಕನ್ನಡದಲ್ಲೂ ಇರುತ್ತದೆ. ಆದರೆ ಕೇಸುಗಳ ಪಟ್ಟಿ ಇರುವ ಅಫಿಡವಿಟ್ಟು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಬರೀ ಕನ್ನಡ ಓದುವ ಮತದಾರರಿಗೆ ಅದು ಇದ್ದೂ ಇಲ್ಲದಂತೆ. ಕೆಟ್ಟವರನ್ನು ದೂರವಿಡಬೇಕು ಎಂಬ ನಿಮ್ಮ ಕಾಳಜಿಗೆ ಇಲ್ಲಿ ದೊಡ್ಡ ಕೆಲಸ ಉಂಟು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಈ ಪ್ರಕಟಣೆ ಕನ್ನಡ ಪತ್ರಿಕೆಯಲ್ಲೂ ಬರಬೇಕೆಂದು ಪಕ್ಷಗಳನ್ನೂ ಚುನಾವಣಾಧಿಕಾರಿಯನ್ನೂ ಲಿಖಿತವಾಗಿ ಕೇಳಿ. ಅಫಿಡವಿಟ್ಟಿನ ಪ್ರತಿ ಪಡೆದು ನಾಲ್ಕು ಜನ ಕೂತು ಕನ್ನಡಕ್ಕೆ ಇಳಿಸಿ ಹಂಚಿದರೆ ಯಾರ ಹಕ್ಕಿಗೂ ಚ್ಯುತಿಯಿಲ್ಲ. ಕೇಸಿನ ಸಂಖ್ಯೆ, ಕಲಮು, ಹಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ವಿಶೇಷಣ ಸೇರಿಸಬೇಡಿ.

ಈಗ ಕೇಂದ್ರದಲ್ಲಿ ಇರುವ ಪ್ರಸ್ತಾಪ ಕಾನೂನು ಆಯೋಗ ಹಾಕಿದ ಬೇಲಿಯನ್ನೂ ದಾಟಿದೆ. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡಿಸಿ ಜಂಟಿ ಸಮಿತಿಗೆ ಒಪ್ಪಿಸಿದ 130ನೆಯ ಸಂವಿಧಾನ ತಿದ್ದುಪಡಿ ಮಸೂದೆಯ ಪ್ರಕಾರ, ಐದು ವರ್ಷ ಅಥವಾ ಹೆಚ್ಚು ಶಿಕ್ಷೆ ವಿಧಿಸಬಹುದಾದ ಆರೋಪದಲ್ಲಿ ಬಂಧಿತರಾಗಿ ಸತತ 30 ದಿನ ಕಸ್ಟಡಿಯಲ್ಲಿದ್ದ ಮಂತ್ರಿ, ಮುಖ್ಯಮಂತ್ರಿ, ಪ್ರಧಾನಿ 31ನೆಯ ದಿನ ಸ್ಥಾನ ಕಳೆದುಕೊಳ್ಳುತ್ತಾರೆ. ಹೊರಬಂದ ಮೇಲೆ ಮತ್ತೆ ನೇಮಕವಾಗಬಹುದು ಎಂಬ ಸೌಲಭ್ಯ ಅದರಲ್ಲಿದೆ. ಪ್ರಧಾನಿಗೂ ಅನ್ವಯವಲ್ಲವೇ ಎಂದು ಕೇಳುವವರಿದ್ದಾರೆ. ಕಾಗದದಲ್ಲಿ ಹೌದು. ಕೇಂದ್ರದ ತನಿಖಾ ಸಂಸ್ಥೆಗಳು ಯಾರ ಕೆಳಗಿವೆ ಎಂದು ನೋಡಿದರೆ ಬಂಧನದ ಭಯ ಎರಡೂ ಕಡೆ ಸಮನಾಗಿಲ್ಲ. ದಿನಗಳ ಲೆಕ್ಕವನ್ನೂ ಹಾಕಿ ನೋಡಿ. ಬಂಧಿಸಿದ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಲು ಕ್ರಿಮಿನಲ್ ಪ್ರಕ್ರಿಯೆಯ ಕಾನೂನು ಕೊಡುವ ಗಡುವು ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನ. ಅಂದರೆ ಆರೋಪವೇನು ಎಂದು ಕೋರ್ಟಿಗೆ ಬರೆದುಕೊಡುವ ಮೊದಲೇ ಮುಖ್ಯಮಂತ್ರಿ ಹೋಗಿರುತ್ತಾರೆ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಲ್ಲಿ ಆರೋಪಿ ತಪ್ಪು ಮಾಡಿಲ್ಲ ಎಂದು ನಂಬಲು ಆಧಾರ ಉಂಟೆಂದು ನ್ಯಾಯಾಧೀಶರಿಗೆ ತೋರಿದರೆ ಮಾತ್ರ ಜಾಮೀನು, ಹಾಗಾಗಿ 30 ದಿನ ಎಂಬುದು ಅಲ್ಲಿ ಏನೇನೂ ಅಲ್ಲ. ಜಾರ್ಖಂಡಿನ ಮುಖ್ಯಮಂತ್ರಿಯಾಗಿದ್ದ ಹೇಮಂತ್ ಸೊರೇನ್ 2024ರ ಜನವರಿ 31ರಂದು ಬಂಧಿತರಾಗಿ ಹೈಕೋರ್ಟಿನಿಂದ ಜಾಮೀನು ಪಡೆದದ್ದು ಜೂನ್ 28ಕ್ಕೆ.

ಯಾರು ತೀರ್ಮಾನಿಸುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಎದುರಾಳಿಯನ್ನು ಹೊರಹಾಕುವ ನಿರ್ಣಯ ಎದುರಾಳಿಯ ಕೈಯಲ್ಲೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಚಿಕ್ಕಮಗಳೂರಿಗಿಂತ ದೊಡ್ಡ ಸಾಕ್ಷಿ ಬೇಡ. 1975ರಲ್ಲಿ ಅಲಹಾಬಾದ್ ಹೈಕೋರ್ಟಿನಿಂದ ಆರು ವರ್ಷ ಅನರ್ಹರಾಗಿ, ಅದನ್ನು ತಪ್ಪಿಸಿಕೊಳ್ಳಲು ಕಾನೂನನ್ನೇ ತಿದ್ದಿಸಿ, ವಿರೋಧಿಗಳನ್ನು ಜೈಲಿಗೆ ಹಾಕಿದ್ದ ಇಂದಿರಾ ಗಾಂಧಿ 1977ರಲ್ಲಿ ಸೋತಿದ್ದರು. ಅದು ಮತದಾರರೇ ಕೊಟ್ಟ ಶಿಕ್ಷೆ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಆರಿಸಿ ಕಳಿಸಿತು. ಡಿಸೆಂಬರ್ 19ರಂದು, ಹಿಂದೆ ಮಾರುತಿ ಕಂಪೆನಿಯ ಬಗ್ಗೆ ಮಾಹಿತಿ ಸಂಗ್ರಹಿಸಿದ ಅಧಿಕಾರಿಗಳಿಗೆ ತೊಂದರೆ ಕೊಟ್ಟರು ಎಂಬ ಹಕ್ಕುಚ್ಯುತಿಯ ಮೇಲೆ, ಜನತಾ ಪಕ್ಷದ ಬಹುಮತ ಅವರನ್ನು ಸದನದಿಂದ ಉಚ್ಚಾಟಿಸಿ ಜೈಲಿಗೆ ಕಳಿಸಿತು. ಆರೋಪದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ದೂರು ಕೊಟ್ಟವರು, ವಿಚಾರಿಸಿದವರು, ತೀರ್ಪು ಕೊಟ್ಟವರು ಎಲ್ಲರೂ ಅವರ ರಾಜಕೀಯ ವಿರೋಧಿಗಳೇ. ಹದಿಮೂರು ತಿಂಗಳಲ್ಲಿ ಅವರ ಪಕ್ಷ 353 ಸ್ಥಾನಗಳೊಂದಿಗೆ ಮರಳಿತು, 1981ರ ಮೇ 7ರಂದು ಹೊಸ ಲೋಕಸಭೆ ಆ ಉಚ್ಚಾಟನೆಯನ್ನೇ ರದ್ದು ಮಾಡಿತು. ತುರ್ತುಪರಿಸ್ಥಿತಿಯ ತಪ್ಪುಗಳಿಗೆ ಉತ್ತರ ಹೇಳಬೇಕಾಗಿದ್ದವರನ್ನು ಅನ್ಯಾಯಕ್ಕೆ ಒಳಗಾದವರನ್ನಾಗಿ ಮಾಡಿಕೊಟ್ಟದ್ದು ಅವರ ವಿರೋಧಿಗಳೇ.

ಸ್ಪೀಕರ್ ಕೈಯಲ್ಲಿರುವ ಪಕ್ಷಾಂತರ ಅನರ್ಹತೆಯಲ್ಲೂ ಇದೇ ದೋಷ. 2019ರಲ್ಲಿ ಕರ್ನಾಟಕದ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಚುನಾವಣೆಗೆ ನಿಲ್ಲಬಾರದು ಎಂದೂ ಸೇರಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ನಿಲ್ಲಬಾರದೆಂಬ ಭಾಗವನ್ನು ಹೊಡೆದುಹಾಕಿತು. ಕಾನೂನಿನಲ್ಲಿ ಇಲ್ಲದ ಶಿಕ್ಷೆಯನ್ನು ಸ್ಪೀಕರ್ ಸೃಷ್ಟಿಸಲಾಗದು. ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಮಾತ್ರ ವ್ಯವಸ್ಥೆ ಬೇರೆ. 1999ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಪಕ್ಷ ಬಿಟ್ಟ ಪಂಚಾಯತು ಸದಸ್ಯರು ಆರು ವರ್ಷ ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ, ಆದರೆ ತೀರ್ಮಾನ ಪಂಚಾಯತು ಅಧ್ಯಕ್ಷರದಲ್ಲ, ರಾಜ್ಯ ಚುನಾವಣಾ ಆಯೋಗದ್ದು. ಶಿಕ್ಷೆ ಕಠಿಣ, ಆದರೆ ತೀರ್ಮಾನಿಸುವವರು ಕಣದಲ್ಲಿರುವ ಪಕ್ಷದವರಲ್ಲ. ನನಗೆ ಇದು ಸ್ಪೀಕರ್ ಪದ್ಧತಿಗಿಂತ ಮೇಲು ಅನಿಸುತ್ತದೆ.

ಇನ್ನೊಂದು ಮಗ್ಗುಲನ್ನು ಬಿಟ್ಟರೆ ತೂಕ ತಪ್ಪುತ್ತದೆ. 'ಜನರೇ ಆರಿಸಿದ್ದಾರೆ' ಎಂಬ ಮಾತು ಎಲ್ಲ ಪಾಪಕ್ಕೂ ತೊಳೆನೀರಲ್ಲ. 2001ರಲ್ಲಿ ತಮಿಳುನಾಡಿನಲ್ಲಿ ಜಯಲಲಿತಾ ಅವರ ನಾಮಪತ್ರ, ನಮ್ಮಂತೆಯೇ ಗಡಿಜಿಲ್ಲೆಯಾದ ಕೃಷ್ಣಗಿರಿಯೂ ಸೇರಿ ನಾಲ್ಕು ಕಡೆ ತಿರಸ್ಕೃತವಾಯಿತು. ಕೆಳಕೋರ್ಟಿನ ಶಿಕ್ಷೆ ಅದಕ್ಕೆ ಮುಖ್ಯ ಕಾರಣ. ಅವರ ಪಕ್ಷ ಗೆದ್ದಿತು, ಶಾಸಕಿಯಾಗದೆಯೇ ಅವರು ಮುಖ್ಯಮಂತ್ರಿಯಾದರು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು, ಅನರ್ಹರಾದವರು ಜನಬೆಂಬಲದ ಹೆಸರಲ್ಲಿ ಮುಖ್ಯಮಂತ್ರಿ ಆಗಲಾಗದು ಎಂದು ಆ ನೇಮಕವನ್ನು ರದ್ದುಮಾಡಿತು. ಡಿಸೆಂಬರ್‌ನಲ್ಲಿ ಹೈಕೋರ್ಟು ಶಿಕ್ಷೆಯನ್ನೇ ರದ್ದು ಮಾಡಿದ ಮೇಲೆ ಅವರು ಆಂಡಿಪಟ್ಟಿಯಿಂದ ಗೆದ್ದು ಮರಳಿದರು. ಇಲ್ಲಿ ಎಲ್ಲರೂ ನಿಯಮದ ಒಳಗೇ ನಡೆದರು, ತಿದ್ದುಪಡಿಯೂ ಒಂದು ವರ್ಷದೊಳಗೆ ಸಿಕ್ಕಿತು. ಅದಕ್ಕೆ ಹೋಲಿಸಿದರೆ ಪಕ್ಕದ ಹೊಸೂರಿನದು ಬೇರೆ ಬಗೆ: 1998ರ ಒಂದು ಪ್ರತಿಭಟನೆಯ ಕಲ್ಲು ತೂರಾಟದ ಕೇಸಿಗೆ ಅಲ್ಲಿನ ಶಾಸಕ, ಮಂತ್ರಿ ಬಾಲಕೃಷ್ಣ ರೆಡ್ಡಿ ಅವರಿಗೆ ಮೂರು ವರ್ಷ ಸಜೆಯಾದದ್ದು 2019ರ ಜನವರಿಯಲ್ಲಿ. ಇಪ್ಪತ್ತು ವರ್ಷದ ಹಿಂದಿನ ತಪ್ಪಿಗೆ ತೀರ್ಪು ಯಾವ ಚುನಾವಣೆಯ ಪಕ್ಕಕ್ಕೆ ಬಂದು ಬೀಳುತ್ತದೆ ಎಂಬುದೇ ಒಂದು ಅದೃಷ್ಟದಾಟ ಆಗಿಬಿಟ್ಟರೆ, ಶಿಕ್ಷೆ ನ್ಯಾಯವಾದದ್ದೇ ಆದರೂ ಜನ ಅದನ್ನು ನಂಬುವುದಿಲ್ಲ.

ಅನರ್ಹತೆಯನ್ನು ಸಡಿಲಿಸುವ ಅಧಿಕಾರವೂ ಬೇಕಾದವರ ಪರ ವಾಲಬಹುದು. 1951ರ ಕಾಯ್ದೆಯ 11ನೆಯ ಕಲಮಿನಲ್ಲಿ ಚುನಾವಣಾ ಆಯೋಗ ಅನರ್ಹತೆಯ ಅವಧಿಯನ್ನು ಕಡಿಮೆ ಮಾಡಬಹುದು. 2019ರಲ್ಲಿ ಸಿಕ್ಕಿಂ ಮುಖ್ಯಮಂತ್ರಿ ಪ್ರೇಮ್ ಸಿಂಗ್ ತಮಾಂಗ್ ಅವರ ಆರು ವರ್ಷವನ್ನು ಒಂದು ವರ್ಷ ಒಂದು ತಿಂಗಳಿಗೆ ಇಳಿಸಿದ್ದು ಹೀಗೆ. ಭ್ರಷ್ಟಾಚಾರದಲ್ಲಿ ಶಿಕ್ಷೆ ಅನುಭವಿಸಿದವರಿಗೆ ಈ ರಿಯಾಯಿತಿ ಕೊಟ್ಟದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಹೊರದೇಶಗಳಲ್ಲಿ ಹೊರಗಿಡುವ ಕೆಲಸ ಎಷ್ಟು ಸಲೀಸಾಗಿ ನಡೆಯುತ್ತದೆ ಎಂದು ಎರಡು ಮಾತು. ಇರಾನಿನಲ್ಲಿ 12 ಜನರ ಪಾಲಕ ಮಂಡಳಿ ಮೊದಲೇ ಅಭ್ಯರ್ಥಿಗಳನ್ನು ಸೋಸುತ್ತದೆ. 2021ರ ಅಧ್ಯಕ್ಷ ಚುನಾವಣೆಗೆ ಹೆಸರು ಕೊಟ್ಟ 592 ಮಂದಿಯಲ್ಲಿ ಒಪ್ಪಿಗೆ ಸಿಕ್ಕಿದ್ದು ಏಳು ಮಂದಿಗೆ. ಟರ್ಕಿಯಲ್ಲಿ ಅಧ್ಯಕ್ಷರಾಗಲು ಪದವಿ ಬೇಕು. 2025ರ ಮಾರ್ಚ್ 18ರಂದು ಇಸ್ತಾಂಬುಲ್ ಮೇಯರ್ ಎಕ್ರೆಮ್ ಇಮಾಮೊಗ್ಲು ಅವರ ಹಳೆಯ ಪದವಿಯನ್ನೇ ವಿಶ್ವವಿದ್ಯಾಲಯ ರದ್ದು ಮಾಡಿತು, ಮರುದಿನ ಬಂಧನ. ಬ್ರೆಜಿಲಿನ ಮಾಜಿ ಅಧ್ಯಕ್ಷ ಲೂಲಾ 2018ರ ಅಧ್ಯಕ್ಷ ಚುನಾವಣೆಯಲ್ಲಿ ಶಿಕ್ಷೆಯ ಕಾರಣ ಹೊರಗುಳಿದರು, 2021ರಲ್ಲಿ ಆ ಶಿಕ್ಷೆಗಳು ರದ್ದಾದವು, 2022ರಲ್ಲಿ ಗೆದ್ದರು. ನಡುವಿನ ನಾಲ್ಕು ವರ್ಷದ ಆಡಳಿತ ಯಾರದ್ದಾಗಬೇಕಿತ್ತು ಎಂಬ ಪ್ರಶ್ನೆಗೆ ಇನ್ನು ಉತ್ತರವಿಲ್ಲ. ಜರ್ಮನಿಯ ಎಚ್ಚರ ನನಗೆ ಇಷ್ಟ: ಪಕ್ಷವೊಂದನ್ನು ನಿಷೇಧಿಸಬಲ್ಲದ್ದು ಸಂವಿಧಾನ ನ್ಯಾಯಾಲಯ ಮಾತ್ರ. 1952ರಲ್ಲೂ 1956ರಲ್ಲೂ ಒಂದೊಂದು ಪಕ್ಷವನ್ನು ಅದು ನಿಷೇಧಿಸಿತು. 2017ರಲ್ಲಿ ಇನ್ನೊಂದರ ಉದ್ದೇಶ ಸಂವಿಧಾನವಿರೋಧಿ ಎಂದು ಒಪ್ಪಿದರೂ, ಅದನ್ನು ಸಾಧಿಸುವ ಶಕ್ತಿ ಅದಕ್ಕಿಲ್ಲ ಎಂದು ನಿಷೇಧಿಸಲಿಲ್ಲ.

ನಮ್ಮೂರಿಗೇ ಬನ್ನಿ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟಿದ್ದರು, ಅವರ ಅರ್ಜಿಯನ್ನು ಸುಪ್ರೀಂ ಕೋರ್ಟು 1950ರಲ್ಲಿ ತಳ್ಳಿಹಾಕಿತು. ಅಂದಿನ ಸರಕಾರದ ಕಣ್ಣಿಗೆ ಅವರು ದೇಶಕ್ಕೇ ಅಪಾಯ. ಬಂಧನವಾದವರೆಲ್ಲ ನಿಲ್ಲಬಾರದು ಎಂಬ ಕಾನೂನು ಆಗ ಇದ್ದಿದ್ದರೆ 1952ರಲ್ಲಿ ಕಣ್ಣೂರಾಗಲಿ, 1957, 1962, 1967ರಲ್ಲಿ ಕಾಸರಗೋಡಾಗಲಿ ಅವರನ್ನು ಲೋಕಸಭೆಗೆ ಆರಿಸುವಂತಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಬಿಹಾರದ ಮುಜಫ್ಫರ್‌ಪುರವನ್ನು ಗೆದ್ದದ್ದು ಜೈಲಿನಿಂದಲೇ, ಡೈನಮೈಟ್ ಕೇಸಿನ ಆರೋಪಿಯಾಗಿ. ಅವರ ವಿಚಾರಗಳನ್ನು ನೀವು ಒಪ್ಪಬೇಕಾಗಿಲ್ಲ. ಅವರನ್ನು ಅಳೆಯುವ ಅವಕಾಶ ಮತದಾರರಿಗೆ ಉಳಿದಿತ್ತು ಎಂಬುದನ್ನು ಗಮನಿಸಿ. ವಿಚಾರಣಾಧೀನ ಕೈದಿ ಮತ ಹಾಕುವಂತಿಲ್ಲ, ಆದರೆ ಸ್ಪರ್ಧಿಸಬಹುದು. ಈ ವ್ಯತ್ಯಾಸವನ್ನು ಸಂಸತ್ತು 2013ರಲ್ಲಿ ಕಾಯ್ದೆ ತಿದ್ದಿ ಸ್ಪಷ್ಟವಾಗಿಯೇ ಉಳಿಸಿಕೊಂಡಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ನಾಮಪತ್ರ ತಿರಸ್ಕಾರ. ಕೇಸು, ಜೈಲು ಯಾವುದೂ ಇಲ್ಲದೆ ಒಂದು ಸಹಿಯಿಂದ ಎದುರಾಳಿ ಹೊರಹೋಗುವ ದಾರಿ ಇದು, ಪಂಚಾಯತು ಮಟ್ಟದಲ್ಲಿ ನಿಜವಾದ ಅಪಾಯ ಇರುವುದೂ ಇಲ್ಲೇ. 2021ರಲ್ಲಿ ಪಕ್ಕದ ತಲಶ್ಶೇರಿಯಲ್ಲಿ ಪಕ್ಷದ ಅಧ್ಯಕ್ಷರ ಸಹಿ ಒಂದು ಫಾರ್ಮಿನಲ್ಲಿ ಇಲ್ಲದ್ದಕ್ಕೆ ಬಿಜೆಪಿ ಅಭ್ಯರ್ಥಿಯ ನಾಮಪತ್ರ ಹೋಯಿತು, ಹೈಕೋರ್ಟು ಕೈಹಾಕಲಿಲ್ಲ. 2024ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ಸೂಚಕರು (ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರು) 'ಸಹಿ ನಮ್ಮದಲ್ಲ' ಎಂದರು, ನಾಮಪತ್ರ ತಿರಸ್ಕೃತವಾಯಿತು, ಉಳಿದವರು ಹಿಂತೆಗೆದರು, ಲೋಕಸಭಾ ಕ್ಷೇತ್ರವೊಂದರ ಮತದಾರರು ಮತಗಟ್ಟೆಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಹೈಕೋರ್ಟು ಕೈಹಾಕದ್ದಕ್ಕೆ ಕಾರಣ ಸಂವಿಧಾನದ 329ನೆಯ ವಿಧಿ. ಆಗಿನ ಸೇಲಂ ಜಿಲ್ಲೆಯ ನಾಮಕ್ಕಲ್‌ನಲ್ಲಿ ಪೊನ್ನುಸ್ವಾಮಿ ಎಂಬವರ ನಾಮಪತ್ರ ತಿರಸ್ಕೃತವಾದಾಗ, 1952ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಚುನಾವಣೆ ಶುರುವಾದ ಮೇಲೆ ಮಧ್ಯದಲ್ಲಿ ಕೋರ್ಟು ನಿಲ್ಲಿಸುವಂತಿಲ್ಲ, ಫಲಿತಾಂಶದ ನಂತರ ಚುನಾವಣಾ ಅರ್ಜಿಯೊಂದೇ ದಾರಿ ಎಂದಿತು. ಇಂದಿಗೂ ಅದೇ ನಿಯಮ. ಆದರೆ ಆ ಅರ್ಜಿಯಲ್ಲಿ ಕಾನೂನು ಒಂದು ವಿವೇಕ ತೋರಿಸಿದೆ. ನಿಲ್ಲಬಾರದವರ ನಾಮಪತ್ರವನ್ನು ತಪ್ಪಾಗಿ ಸ್ವೀಕರಿಸಿದ್ದರೆ, ಅದರಿಂದ ಫಲಿತಾಂಶ ಬದಲಾಯಿತು ಎಂದು ಸಾಬೀತು ಮಾಡಬೇಕು. ನಿಲ್ಲಬಹುದಾದವರ ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಿದ್ದರೆ ಅಷ್ಟೇ ಸಾಕು, ಚುನಾವಣೆಯೇ ಅಸಿಂಧು. ಅವರಿಗೆ ಎಷ್ಟು ಮತ ಬೀಳುತ್ತಿತ್ತು ಎಂದು ಯಾರೂ ಹೇಳಲಾರರು ಎಂಬುದೇ ಇದರ ತರ್ಕ. ಮಂಜೇಶ್ವರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: 2016ರಲ್ಲಿ ಇಲ್ಲಿ ಗೆಲುವಿನ ಅಂತರ 89 ಮತ, ಸಣ್ಣ ಪಕ್ಷದ ಒಬ್ಬ ಅಭ್ಯರ್ಥಿಗೆ ಬಿದ್ದದ್ದು 467. ಆ ಒಂದು ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಫಲಿತಾಂಶ ಏನಾಗುತ್ತಿತ್ತೋ. ಆ ಚುನಾವಣೆಯ ಮೇಲಿನ ಅರ್ಜಿಯೂ ತೀರ್ಪು ಕಾಣಲಿಲ್ಲ. 2018ರಲ್ಲಿ ಶಾಸಕರು ತೀರಿಕೊಂಡರು, 2019ರಲ್ಲಿ ಅರ್ಜಿ ಹಿಂತೆಗೆಯಲಾಯಿತು. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ.

ಹಾಗಾಗಿ ಗೆಲ್ಲಬೇಕಾದ ಜಾಗ ಕೋರ್ಟಲ್ಲ, ಪರಿಶೀಲನೆಯ ಮೇಜು. ಪಂಚಾಯತು ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು, ಹೆಸರು ಆ ಪಂಚಾಯತಿನ ಮತದಾರರ ಪಟ್ಟಿಯಲ್ಲಿರಬೇಕು, ಸೂಚಕರು ಮಾತ್ರ ಅದೇ ವಾರ್ಡಿನ ಮತದಾರರಾಗಿರಬೇಕು. ವಾರ್ಡುಗಳ ಗಡಿ ಬದಲಾದ ಮೇಲೆ ಹಳೆ ಪಟ್ಟಿ ನೋಡಿ ಸೂಚಕರನ್ನು ಹಿಡಿದು ಸಿಕ್ಕಿಬೀಳುವವರು ಬಹಳ. ಹೊಸ ಪಟ್ಟಿಯ ಕ್ರಮಸಂಖ್ಯೆಯನ್ನು ಕಣ್ಣಾರೆ ನೋಡಿ ಬರೆಯಿರಿ. ಒಂದೇ ನಾಮಪತ್ರ ಹಾಕಿ ಸುಮ್ಮನಿರಬೇಡಿ. ಮೂರು ಪ್ರತಿಗಳ ತನಕ ಅವಕಾಶ ಉಂಟು, ಬೇರೆ ಬೇರೆ ಸೂಚಕರಿಂದ ಸಹಿ ಮಾಡಿಸಿ, ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ. ಸೂಚಕರನ್ನು ಪರಿಶೀಲನೆಯ ದಿನ ಕೈಗೆಟಕುವಂತೆ ಇಟ್ಟುಕೊಳ್ಳಿ, ಸೂರತ್ತಿನ ಪಾಠ ಅದೇ. ಅಫಿಡವಿಟ್ಟಿನಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬಾರದು, ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಬೇಕು. ಖಾಲಿ ಬಿಟ್ಟದ್ದನ್ನು ಅಧಿಕಾರಿ ತುಂಬಲು ಹೇಳಿದ ಮೇಲೂ ತುಂಬದಿದ್ದರೆ ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಂಚಾಯತಿಗೆ ಬಾಕಿ ಇದೆ ಎಂಬ ಆಕ್ಷೇಪ ಬಂದರೆ ಹೆದರಬೇಡಿ: ಬಿಲ್ಲು ಅಥವಾ ನೋಟೀಸು ಕೊಟ್ಟು ಅದರ ಗಡುವು ಮುಗಿದಿದ್ದರೆ ಮಾತ್ರ ಅದು ಅನರ್ಹತೆ. ಆದರೂ ಮೊದಲೇ ಕಟ್ಟಿ ರಶೀದಿ ಇಟ್ಟುಕೊಳ್ಳುವುದು ಸುಲಭ.

ಪರಿಶೀಲನೆಗೆ ಅಭ್ಯರ್ಥಿಯೊಂದಿಗೆ ಏಜೆಂಟ್, ಒಬ್ಬ ಸೂಚಕ, ಲಿಖಿತವಾಗಿ ಅಧಿಕಾರ ಕೊಟ್ಟ ಇನ್ನೊಬ್ಬರು ಕೂರಬಹುದು. ಆ ಇನ್ನೊಬ್ಬರು ಕಾನೂನು ಬಲ್ಲವರೂ ಮಲಯಾಳ ಚೆನ್ನಾಗಿ ಓದಿ ಮಾತಾಡಬಲ್ಲವರೂ ಆಗಿರಲಿ, ಯಾಕೆಂದರೆ ನಮ್ಮಲ್ಲಿ 'ವರಣಾಧಿಕಾರಿ' ಎಂದು ಕರೆಯುವ ಚುನಾವಣಾಧಿಕಾರಿ ಕನ್ನಡ ಬಲ್ಲವರೇ ಆಗಿರುತ್ತಾರೆಂದು ಹೇಳಲಾಗದು. ಆಕ್ಷೇಪ ಎದ್ದರೆ 'ಇದು ಗಣನೀಯವಲ್ಲದ ದೋಷ, ಇದಕ್ಕಾಗಿ ತಿರಸ್ಕರಿಸಬಾರದೆಂದು ಕಾಯ್ದೆಯೇ ಹೇಳುತ್ತದೆ' ಎಂದು ಲಿಖಿತವಾಗಿ ಕೊಡಿ. ಉತ್ತರಿಸಲು ದಾಖಲೆ ತರಬೇಕಾದರೆ ಸಮಯ ಕೇಳಿ. ಪರಿಶೀಲನೆಯ ದಿನದಿಂದ ಮೂರನೆಯ ದಿನದೊಳಗೆ ಮುಗಿಯುವಂತೆ ಸಮಯ ಕೊಡುವ ಅಧಿಕಾರ 1951ರ ಕಾಯ್ದೆಯಲ್ಲಿದೆ, ಪಂಚಾಯತು ಕಾನೂನಿನ ಕ್ರಮವೂ ಇದೇ ಮಾದರಿಯದು. ಬಾಯಿಮಾತಿನ ತಿರಸ್ಕಾರವನ್ನು ಒಪ್ಪಬೇಡಿ. ಕಾರಣವನ್ನು ನಾಮಪತ್ರದ ಮೇಲೆ ಬರೆಯಲೇಬೇಕು. ಅಲ್ಲೇ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ, ನಾಳೆ ಕೋರ್ಟಿನಲ್ಲಿ ನಿಲ್ಲುವುದು ಆ ಕಾಗದ ಒಂದೇ.

ಫಲಿತಾಂಶ ಘೋಷಣೆಯಾದ 30 ದಿನದೊಳಗೆ ಗ್ರಾಮ ಪಂಚಾಯತಿನ ಅರ್ಜಿ ಮುನ್ಸಿಫ್ ಕೋರ್ಟಿಗೆ, ಬ್ಲಾಕ್ ಮತ್ತು ಜಿಲ್ಲಾ ಪಂಚಾಯತಿನದು ಜಿಲ್ಲಾ ಕೋರ್ಟಿಗೆ. ವಿಧಾನಸಭೆ, ಲೋಕಸಭೆಯದಾದರೆ 45 ದಿನದೊಳಗೆ ಹೈಕೋರ್ಟಿಗೆ. ಒಂದು ದಿನ ತಡವಾದರೂ ಅರ್ಜಿ ನಿಲ್ಲುವುದಿಲ್ಲ. ಕೆಳಕೋರ್ಟಿನಲ್ಲಿ ಶಿಕ್ಷೆಯಾದವರಿಗೆ ಇನ್ನೊಂದು ಎಚ್ಚರಿಕೆ: ಮೇಲ್ಮನವಿಯಲ್ಲಿ 'ಶಿಕ್ಷೆ ಅಮಾನತು' ಸಿಕ್ಕಿದರೆ ಜೈಲು ತಪ್ಪುತ್ತದೆ, ಅನರ್ಹತೆ ತಪ್ಪುವುದಿಲ್ಲ. 'ದೋಷಿ ತೀರ್ಪಿಗೇ ತಡೆ' ಬೇಕೆಂದು ಬೇರೆಯಾಗಿ ಕೇಳಿ, ಆಗುವ ನಷ್ಟವನ್ನು ವಿವರಿಸಿ ಪಡೆಯಬೇಕು, ಅದೂ ಪರಿಶೀಲನೆಯ ದಿನಕ್ಕೆ ಮೊದಲು.

ಸೋತವರು ಮರೆಯುವ ಸಂಗತಿಯೊಂದು ಉಳಿಯಿತು. ಗ್ರಾಮ ಪಂಚಾಯತು ಅಭ್ಯರ್ಥಿಯ ಖರ್ಚಿನ ಮಿತಿ 25,000 ರೂಪಾಯಿ, ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಸೋತ ಬೇಸರದಲ್ಲಿ ಅದನ್ನು ಬಿಟ್ಟವರನ್ನು ರಾಜ್ಯ ಚುನಾವಣಾ ಆಯೋಗ ಐದು ವರ್ಷ ಅನರ್ಹಗೊಳಿಸಬಹುದು, ಅಂದರೆ ಮುಂದಿನ ಚುನಾವಣೆಯೂ ಕೈತಪ್ಪೀತು. ನೀವು ಹೇಳಿದ ವ್ಯಕ್ತಿ ಕಳೆದ ಸಲ ನಿಂತಿದ್ದರೆ, ಅವರ ಕೇಸುಗಳಿಗಿಂತ ಮೊದಲು ಆ ಲೆಕ್ಕದ ರಶೀದಿ ಇದೆಯೇ ಎಂದು ಕೇಳಿ ನೋಡಿ.